24 ಮನೆಗಳ ಕಟ್ಟಡ, ಒಂದು ಬಿಸಿನೀರಿನ ಪೈಪು

ಅಪಾರ್ಟ್‌ಮೆಂಟ್ ಕಟ್ಟುವವರು ಒಬ್ಬರು, ಅದರ ಕರೆಂಟ್ ಬಿಲ್ ಕಟ್ಟುವವರು ಇನ್ನೊಬ್ಬರು. ಇಷ್ಟು ಸಣ್ಣ ಮಾತು ನನಗೆ ನಿಜವಾಗಿ ತಟ್ಟಿದ್ದು ಮೊದಲ ಪ್ರಾಜೆಕ್ಟ್ ಮುಗಿದು ಎರಡು ಬೇಸಿಗೆ ಕಳೆದ ಮೇಲೆ. ಮೇಲಿನ ಮಹಡಿಯ ಮನೆಯವರು ಫೋನ್ ಮಾಡಿದ್ದರು. "ಮೇಡಂ, ರಾತ್ರಿ ಹನ್ನೊಂದಾದರೂ ತಾರಸಿ ಬಿಸಿ ಇಳಿಯೋದೇ ಇಲ್ಲ. ಎಸಿ ಆಫ್ ಮಾಡಿದ ಹತ್ತು ನಿಮಿಷಕ್ಕೆ ಮಗು ಎದ್ದು ಕೂತ್ಕೊಳ್ಳುತ್ತೆ" ಎಂದರು. ಆ ತಾರಸಿಯ ಇನ್ಸುಲೇಶನ್, ಅಂದರೆ ಶಾಖ ತಡೆಯುವ ಪದರದ ಖರ್ಚನ್ನು ಕೊನೆ ಗಳಿಗೆಯಲ್ಲಿ ತೆಗೆಸಿದ್ದು ನಾನೇ. ಉಳಿದ ದುಡ್ಡು ನಮ್ಮ ಕಡೆ ಬಂತು, ಬಿಲ್ ಅವರ ಕಡೆ ಹೋಯಿತು. ಇನ್ನೂ ಎಷ್ಟೋ ವರ್ಷ ಹೋಗುತ್ತಲೇ ಇರುತ್ತದೆ.

ಎರಡನೇ ಪ್ರಾಜೆಕ್ಟ್ ನಾಲ್ಕು ಮಹಡಿ, ಮಹಡಿಗೆ ಆರು ಮನೆ, ಒಟ್ಟು 24. ಈ ಸಲ ಒಂದು ನಿಯಮ ಹಾಕಿಕೊಂಡೆವು. ಯಾವ ಸಾಮಾನು ಕೊಳ್ಳುವಾಗಲೂ ಅದರ ಬೆಲೆಯ ಪಕ್ಕದಲ್ಲೇ ಮುಂದಿನ 20 ವರ್ಷ ಅದಕ್ಕೆ ಬೀಳುವ ಕರೆಂಟ್ ಖರ್ಚನ್ನೂ ಬರೆಯಬೇಕು. ಎರಡನ್ನೂ ಕೂಡಿಸಿ ಕಡಿಮೆ ಬಂದದ್ದೇ ಗೆದ್ದಂತೆ. ಇದನ್ನು ಪ್ಲಾನ್ ಅಂತಿಮವಾಗುವ ಮುಂಚೆಯೇ ಶುರು ಮಾಡಿದೆವು. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಂಬಿಂಗ್ ಮತ್ತು ಎಲೆಕ್ಟ್ರಿಕಲ್‌ನವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂತರು. ಪೆನ್ಸಿಲ್ ಗೆರೆ ಇದ್ದಾಗ ಬಾತ್‌ರೂಮನ್ನು ಆಚೆ ಈಚೆ ಮಾಡೋಕೆ ಏನೂ ಖರ್ಚಿಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಆಗದ ಕೆಲಸ ಅದು.

ಮೊದಲು ಬಿಸಿಲು. ಮಧ್ಯಾಹ್ನದ ಸೂರ್ಯ ಎತ್ತರದಲ್ಲಿ ಇರುವುದರಿಂದ ಕಿಟಕಿ ಮೇಲಿನ ಸಜ್ಜಾ ಅದನ್ನು ಸುಲಭವಾಗಿ ತಡೆಯುತ್ತದೆ. ಸಂಜೆಯ ಸೂರ್ಯ ಹಾಗಲ್ಲ. ಸಜ್ಜಾದ ಕೆಳಗಿನಿಂದ ನುಗ್ಗಿ ಎದುರು ಗೋಡೆವರೆಗೂ ಬರುತ್ತಾನೆ. ಅದಕ್ಕೇ ಪಶ್ಚಿಮದ ಕಡೆಗೆ ಮೆಟ್ಟಿಲು, ಲಿಫ್ಟ್, ಸ್ಟೋರ್ ರೂಮ್ ಹಾಕಿಸಿದೆವು. ಆ ಕಡೆ ಇರಲೇಬೇಕಾದ ಕಿಟಕಿಗಳನ್ನು ಚಿಕ್ಕದು ಮಾಡಿ, ಹೊರಗೆ ಉದ್ದಕ್ಕೆ ನಿಲ್ಲುವ ಪಟ್ಟಿಗಳನ್ನು ಕೊಟ್ಟೆವು. ನೆರಳು ಗಾಜಿನ ಹೊರಗೇ ಇರಬೇಕು. ಒಳಗೆ ಎಷ್ಟೇ ದಪ್ಪ ಪರದೆ ಹಾಕಿ, ಬಿಸಿಲು ಗಾಜು ದಾಟಿದ ಮೇಲೆ ಶಾಖದ ಬಹುಪಾಲು ಮನೆ ಒಳಗೇ ಉಳಿಯುತ್ತದೆ.

ಗೋಡೆ ವಿಷಯದಲ್ಲಿ ಅಪಾರ್ಟ್‌ಮೆಂಟಿಗೆ ಒಂದು ಅನುಕೂಲ ಇದೆ. ನಡುವಿನ ಮನೆಗೆ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲ ಕಡೆ ಬೇರೆ ಮನೆಗಳೇ. ಹೊರಗೆ ತೆರೆದಿರೋದು ಒಂದೋ ಎರಡೋ ಗೋಡೆ. ಮೇಲಿನ ಮಹಡಿಯ ಮೂಲೆ ಮನೆಗೆ ಹೊರಗಿನ ಗೋಡೆಗಳ ಜೊತೆ ತಾರಸಿಯ ಬಿಸಿಯೂ ಸೇರುತ್ತದೆ. ಇನ್ಸುಲೇಶನ್ ದುಡ್ಡನ್ನು ಎಲ್ಲ ಮನೆಗೂ ಸಮನಾಗಿ ಹಂಚೋಣ ಅನ್ನೋದು ನ್ಯಾಯದ ಹಾಗೆ ಕಾಣುತ್ತದೆ, ಆದರೆ ಶಾಖ ಸಮನಾಗಿ ಬರೋದಿಲ್ಲವಲ್ಲ. ನಾವು ಜಾಸ್ತಿ ಖರ್ಚು ಮಾಡಿದ್ದು ತಾರಸಿಗೆ, ಆಮೇಲೆ ಮೂಲೆ ಗೋಡೆಗಳಿಗೆ. ಎರಡು ಪದರದ ಗಾಜನ್ನೂ ಅಲ್ಲಿಗೇ ಮೊದಲು ಹಾಕಿಸಿದೆವು.

ತಾರಸಿಗೆ 5 ಸೆಂಟಿಮೀಟರ್ ಫೋಮ್ ಬೋರ್ಡ್ ಸಾಕಾ ಎಂದು ಮೇಸ್ತ್ರಿ ಕೇಳಿದ್ದರು. ಒಳ್ಳೆ ಗಟ್ಟಿ ಫೋಮ್ ಬೋರ್ಡಿಗೆ ಹೋಲಿಸಿದರೆ ಕಾಂಕ್ರೀಟ್ ಸುಮಾರು 50 ಪಟ್ಟು ಸುಲಭವಾಗಿ ಶಾಖವನ್ನು ಬಿಡುತ್ತದೆ. ಅಂದರೆ ಆ 5 ಸೆಂಟಿಮೀಟರ್ ಬೋರ್ಡಿನಷ್ಟು ತಡೆ ಕಾಂಕ್ರೀಟಿನಲ್ಲೇ ಬೇಕು ಅಂದರೆ ಎರಡೂವರೆ ಮೀಟರ್ ದಪ್ಪ ಹಾಕಬೇಕು. ಇದನ್ನು ಹೇಳಿದಾಗ ಅವರು ಬೋರ್ಡನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ಸುಮ್ನೆ ನೋಡಿದರು. ಆಮೇಲೆ ಬೋರ್ಡುಗಳ ಸಂದಿಯಲ್ಲಿ ಒಂದು ಬೆರಳು ಹೋಗುವ ಜಾಗವನ್ನೂ ಅವರು ಬಿಡಲಿಲ್ಲ. ಬೋರ್ಡನ್ನು ಚಪ್ಪಡಿಯ ಮೇಲ್ಗಡೆಯೇ ಹಾಕಿ, ಅದರ ಮೇಲೆ ಬಿಳಿ ಟೈಲ್ಸ್ ಮುಚ್ಚಿದೆವು. ಒಳಗಡೆ ಹಾಕಿದ್ದರೆ ಚಪ್ಪಡಿ ಇಡೀ ದಿನ ಕಾಯುತ್ತಲೇ ಇರುತ್ತಿತ್ತು.

ಗಾಳಿ ಸೋರಿಕೆಯ ಪರೀಕ್ಷೆಗೆ ಒಂದು ಮಾದರಿ ಮನೆಯನ್ನು ಮೊದಲೇ ಮುಗಿಸಿದೆವು. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಮಾಡಿ, ಗಂಟೆಗೆ ಮನೆಯ ಗಾಳಿ ಎಷ್ಟು ಸಲ ಬದಲಾಗುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ ಪ್ಯಾಸಿವ್ ಹೌಸ್ (ಕಾಯಿಸೋಕೆ, ತಂಪು ಮಾಡೋಕೆ ತೀರಾ ಕಡಿಮೆ ಕರೆಂಟ್ ಸಾಕಾಗುವಂತೆ ಬಿಗಿಯಾಗಿ ಕಟ್ಟುವ ಮನೆ) ಕಟ್ಟಿದರಲ್ಲ, ಅದೂ ಗೋಡೆಗೆ ಗೋಡೆ ಅಂಟಿದ ನಾಲ್ಕು ಮನೆಗಳ ಸಾಲು. ಆ ಮಾನದಂಡದ ಮಿತಿ 0.6 ಸಲ. ಅಷ್ಟು ಬಿಗಿ ಮಾಡುವ ಗುರಿ ನಮಗೆ ಇರಲಿಲ್ಲ, ಆದರೆ ಎಲ್ಲಿ ಸೋರುತ್ತದೆ ಎಂದು ತಿಳಿಯಬೇಕಿತ್ತು. ಕಿಟಕಿಗಳ ಸುತ್ತ ಸೀಲಂಟ್ ಹೊಡೆಸಿದರೂ ಅಂಕಿ ಇಳಿಯಲೇ ಇಲ್ಲ. ಕೊನೆಗೆ ಕೈಯ ಹಿಂಬದಿಯನ್ನು ಗೋಡೆಗೆ ಹತ್ತಿರ ಹಿಡಿದು ಮನೆ ತುಂಬ ಸುತ್ತಿದೆ. ತಣ್ಣನೆ ಗಾಳಿ ಬರುತ್ತಿದ್ದದ್ದು ಸ್ವಿಚ್ ಬೋರ್ಡಿನಿಂದ! ಮೀಟರ್ ಡಕ್ಟ್‌ನಿಂದ ವೈರ್ ತರುವ ಪೈಪುಗಳ ಬಾಯಿ ತೆರೆದೇ ಇತ್ತು. ಬಾತ್‌ರೂಮ್ ಪೈಪುಗಳು ಶಾಫ್ಟ್‌ಗೆ, ಅಂದರೆ ಪೈಪುಗಳು ಮೇಲಿಂದ ಕೆಳಗೆ ಇಳಿಯುವ ಓಣಿಗೆ, ಹೋಗುವ ತೂತುಗಳ ಸುತ್ತ ಗಾರೆಯೇ ಇರಲಿಲ್ಲ. ಪಕ್ಕದ ಮನೆಯ ಅಡುಗೆ ವಾಸನೆ, ಸಿಗರೇಟ್ ಹೊಗೆ, ಜಗಳದ ಸದ್ದು ಎಲ್ಲ ಬರೋದು ಇದೇ ದಾರಿಯಲ್ಲಿ. ಉಳಿದ 23 ಮನೆಗಳಲ್ಲಿ ಪ್ಲಾಸ್ಟರ್‌ಗೆ ಮುಂಚೆಯೇ ಎಲ್ಲ ಬಾಯಿಗಳನ್ನೂ ಮುಚ್ಚಿಸಿದೆವು. ಹೊಸ ಗಾಳಿಗೆ ಬೇರೆ ವ್ಯವಸ್ಥೆ ಬೇಕೇ ಬೇಕು. ಬಾತ್‌ರೂಮಿನಲ್ಲಿ ಸದಾ ಮೆಲ್ಲಗೆ ತಿರುಗುವ ಎಕ್ಸಾಸ್ಟ್, ಮಲಗುವ ಕೋಣೆಗಳಲ್ಲಿ ಗಾಳಿ ಒಳಗೆ ಬರುವ ಸಣ್ಣ ಕಿಂಡಿ. ಇದನ್ನು ಬಿಟ್ಟು ಬರೀ ಬಿಗಿ ಮಾಡಿದರೆ ತೇವ ಹಿಡಿದು ಗೋಡೆಗೆ ಬೂಷ್ಟು ಬರುತ್ತದೆ.

ಈಗ ಬಿಸಿನೀರಿಗೆ ಬರುತ್ತೇನೆ. ನಾನು ಅತಿ ಹೆಚ್ಚು ಕಲಿತದ್ದು ಇಲ್ಲೇ.

100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು ಮೂರೂವರೆ ಯೂನಿಟ್ ಶಾಖ ಬೇಕು. ಮಾಮೂಲಿ ಗೀಸರ್ ಅಷ್ಟನ್ನೂ ಕರೆಂಟಿನಿಂದಲೇ ಎಳೆಯುತ್ತದೆ. ಹೀಟ್ ಪಂಪ್ ಸುತ್ತಲಿನ ಗಾಳಿಯ ಶಾಖವನ್ನು ನೀರಿಗೆ ಸಾಗಿಸುತ್ತದೆ, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಹಾಗಾಗಿ 24 ಗೀಸರ್ ಬದಲು ಇಡೀ ಕಟ್ಟಡಕ್ಕೆ ಒಂದೇ ಹೀಟ್ ಪಂಪ್ ವ್ಯವಸ್ಥೆ ಎಂದು ನಿರ್ಧಾರ ಆಯಿತು. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು.

ಆದರೆ ಒಂದೇ ಕಡೆ ಕಾಯಿಸಿದ ನೀರು 24 ಮನೆಗೂ ಹೋಗಬೇಕಲ್ಲ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಬೇಕು ಅಂದರೆ ಅದು ಪೈಪಿನಲ್ಲಿ ಹಗಲೂ ರಾತ್ರಿ ಸುತ್ತುತ್ತಲೇ ಇರಬೇಕು. ನಮ್ಮ ಮೊದಲ ಪ್ಲಾನಿನಲ್ಲಿ ಆ ಸುತ್ತು ತುಂಬ ಉದ್ದ ಇತ್ತು. ಬಾತ್‌ರೂಮುಗಳನ್ನು ಒಂದರ ಮೇಲೊಂದು ತಂದು, ಎರಡೆರಡು ಮನೆಗೆ ಒಂದು ಶಾಫ್ಟ್ ಮಾಡಿ 150 ಮೀಟರಿಗೆ ಇಳಿಸಿದೆವು. ಆಮೇಲೆ ಕೂತು ಲೆಕ್ಕ ಹಾಕಿದೆ. ಬರೀ ಪೈಪು ಮೀಟರಿಗೆ ಸುಮಾರು 30 ವ್ಯಾಟ್ ಶಾಖ ಕಳೆದುಕೊಳ್ಳುತ್ತದೆ. 150 ಮೀಟರಿಗೆ ನಾಲ್ಕೂವರೆ ಕಿಲೋವ್ಯಾಟ್. 24 ಗಂಟೆಗೆ 108 ಯೂನಿಟ್. 24 ಮನೆಯವರು ದಿನಕ್ಕೆ ತಲಾ 150 ಲೀಟರ್ ಬಿಸಿನೀರು ಬಳಸಿದರೂ ಅದಕ್ಕೆ ಬೇಕಾದ ಶಾಖ ಸುಮಾರು 125 ಯೂನಿಟ್. ಹೆಚ್ಚುಕಡಿಮೆ ಜನ ಸ್ನಾನಕ್ಕೆ ಬಳಸುವಷ್ಟೇ ಶಾಖವನ್ನು ಪೈಪು ಶಾಫ್ಟಿನ ಒಳಗೆ ಸುಮ್ನೆ ಚೆಲ್ಲುತ್ತದೆ! ಆ ರಾತ್ರಿ ಈ ಅಂಕಿಯನ್ನು ಮೂರು ಸಲ ತಾಳೆ ನೋಡಿದೆ.

ಪೈಪಿನ ವ್ಯಾಸದಷ್ಟೇ ದಪ್ಪದ ಇನ್ಸುಲೇಶನ್ ಸುತ್ತಿದರೆ ನಷ್ಟ ಮೂರನೇ ಒಂದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಕೆಲಸ ಶುರುವಾಯಿತು. ವಾರ ಬಿಟ್ಟು ಹೋಗಿ ನೋಡಿದರೆ ಉದ್ದನೆ ಪೈಪಿಗೆಲ್ಲ ಕವಚ ಹಾಕಿದ್ದರು, ಆದರೆ ವಾಲ್ವ್, ಎಲ್ಬೋ, ಕ್ಲಾಂಪ್ ಇರುವ ಕಡೆಯೆಲ್ಲ ಬರೀ ಪೈಪೇ ಇಣುಕುತ್ತಿತ್ತು. ಪ್ಲಂಬರ್ ಬೇಜಾರಿಲ್ಲದೆ ಹೇಳಿದರು: "ಶಾಫ್ಟ್ ಒಳಗೆ ಅಲ್ವಾ ಮೇಡಂ, ಯಾರಿಗೆ ಕಾಣುತ್ತೆ?" ನಾನು ವಾದ ಮಾಡಲಿಲ್ಲ. ನೀರು ಕಾಯಿಸಿ ಸುತ್ತಲು ಬಿಟ್ಟು, ಮಾರನೇ ದಿನ ಥರ್ಮಲ್ ಕ್ಯಾಮೆರಾ ತಂದು ಅವರ ಕೈಗೇ ಕೊಟ್ಟೆ. ಪರದೆ ಮೇಲೆ ಕವಚ ಹಾಕಿದ ಪೈಪು ಕಪ್ಪುನೀಲಿ, ಒಂದೊಂದು ವಾಲ್ವೂ ಕೆಂಡದ ಹಾಗೆ ಹೊಳೆಯುತ್ತಿತ್ತು. ಅವರು ಎರಡು ಶಾಫ್ಟ್ ಇಣುಕಿ ನೋಡಿದರು. ಮೂರನೆಯದನ್ನು ನೋಡುವಾಗಲೇ ಹುಡುಗನನ್ನು ಕೂಗಿ "ಕವಚದ ತುಂಡು ತಗೊಂಡು ಬಾರೋ" ಎಂದರು. ಆಮೇಲೆ ಕ್ಲಾಂಪನ್ನು ಕವಚದ ಮೇಲಿಂದ ಹಾಕುವ ಉಪಾಯ ಹೇಳಿದ್ದೂ ಅವರೇ.

ನೀರಿನ ಬಿಸಿಯನ್ನೇ ಇಳಿಸಿ ಉಳಿಸೋಣ ಎಂದು ಒಬ್ಬರು ಸಲಹೆ ಕೊಟ್ಟರು. ಅದು ಬೇಡ. ಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆ ನೀರಿನ ತುಂತುರು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಟ್ಯಾಂಕಿನಲ್ಲಿ 60 ಡಿಗ್ರಿ, ಸುತ್ತಿ ವಾಪಸ್ ಬರುವಾಗ 50ಕ್ಕಿಂತ ಕಡಿಮೆ ಆಗದ ಹಾಗೆ ಇಟ್ಟೆವು. ಮನೆ ಒಳಗೆ ಮೈ ಸುಡದಂತೆ ಮಿಕ್ಸಿಂಗ್ ವಾಲ್ವ್ ಹಾಕಿದೆವು. ಉಳಿತಾಯ ಮಾಡೋದಿದ್ದರೆ ಪೈಪಿನ ಉದ್ದದಲ್ಲಿ ಮಾಡಬೇಕು, ಕವಚದಲ್ಲಿ ಮಾಡಬೇಕು. ಜನರ ಆರೋಗ್ಯದಲ್ಲಿ ಅಲ್ಲ.

ಪಂಪಿನ ಬಗ್ಗೆ ಒಂದೇ ಮಾತು. ಬಿಸಿನೀರನ್ನು ಪೈಪಿನಲ್ಲಿ ಸುತ್ತಿಸುವ ಪಂಪಿನ ವೇಗವನ್ನು 80 ಶೇಕಡಾಕ್ಕೆ ಇಳಿಸಿದರೆ ಅದು ಎಳೆಯುವ ಕರೆಂಟ್ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಕರೆಂಟ್ ಏರೋದು ವೇಗದ ಮೂರನೇ ಘಾತದಲ್ಲಿ. ದೂರದ ಮನೆಗೆ ಬಿಸಿನೀರು ತಡ ಅಂತ ಪಂಪಿನ ವೇಗ ಏರಿಸಬೇಡಿ. ಪ್ರತಿ ಶಾಫ್ಟಿನ ವಾಲ್ವನ್ನು ಹದ ಮಾಡಿ ಹರಿವನ್ನು ಹಂಚಿ.

ಸೋಲಾರ್ ಕೊನೆಗೆ ಬಂತು, ಬೇಕೆಂದೇ. ಒಂದು ಕಿಲೋವ್ಯಾಟಿಗೆ ಪ್ಯಾನಲ್ಲಿಗೇ ಸುಮಾರು 5 ಚದರ ಮೀಟರ್ ಬೇಕು, ಓಡಾಡುವ ಜಾಗ ಬೇರೆ. ಒಂಟಿ ಮನೆಗೆ ಒಂದು ತಾರಸಿ ಇರುತ್ತದೆ. ನಮ್ಮಲ್ಲಿ ಒಂದು ತಾರಸಿಗೆ ನಾಲ್ಕು ಮಹಡಿ. ಮಹಡಿ ಏರಿದಷ್ಟೂ ತಲಾ ಸಿಗುವ ಬಿಸಿಲು ಕಡಿಮೆ. ಖರ್ಚು ಇಳಿಸಿಕೊಂಡ ಮೇಲೆ ಉಳಿದ ಹೀಟ್ ಪಂಪ್, ಲಿಫ್ಟ್, ಸಾಮಾನ್ಯ ದೀಪಗಳ ಹಗಲಿನ ಹೊರೆಗೆ ಎಷ್ಟು ಬೇಕೋ ಅಷ್ಟು ಹಾಕಿದೆವು.

ನನ್ನನ್ನು ಕೇಳಿದರೆ ಕರೆಂಟ್ ಮೀಟರಿಗೆ ಹಾಕಿದ ದುಡ್ಡೇ ಎಲ್ಲಕ್ಕಿಂತ ಸಾರ್ಥಕ. ಹೀಟ್ ಪಂಪಿಗೆ ಒಂದು, ಸುತ್ತುವ ಪಂಪಿಗೆ ಒಂದು, ಲಿಫ್ಟಿಗೆ, ದೀಪಕ್ಕೆ, ನೀರೆತ್ತುವ ಮೋಟರಿಗೆ ಒಂದೊಂದು ಬೇರೆ ಮೀಟರ್. ಜನ ಬಂದು ಸೇರಿದ ಮೊದಲ ವರ್ಷ ಪ್ರತಿ ತಿಂಗಳು 1ನೇ ತಾರೀಖು ನಾನೇ ಹೋಗಿ ಬರೆದುಕೊಂಡೆ. ಐದನೇ ತಿಂಗಳು ಹೀಟ್ ಪಂಪಿನ ಮೀಟರ್ ದಿಢೀರನೆ ಎರಡರಷ್ಟು ಓಡಿತ್ತು. ಮನೆಗಳಿಂದ ಒಂದು ದೂರೂ ಇಲ್ಲ, ನೀರು ಚೆನ್ನಾಗಿ ಬಿಸಿ ಇತ್ತು. ಹೀಟ್ ಪಂಪಿನ ಕಂಟ್ರೋಲ್ ಪ್ಯಾನಲ್ ತೆಗೆದು ನೋಡಿದರೆ, ತುರ್ತಿಗೆಂದು ಇಟ್ಟಿದ್ದ ಹೀಟರ್ ಕಾಯಿಲ್ ಉರಿಯುತ್ತಿತ್ತು. ಹಿಂದಿನ ತಿಂಗಳು ಒಂದು ದಿನ ನೀರು ತಣ್ಣಗಾಯಿತೆಂದು ರಿಪೇರಿಗೆ ಬಂದವರು ಅದನ್ನು ಆನ್ ಮಾಡಿದ್ದರು, ಆಫ್ ಮಾಡಿರಲಿಲ್ಲ. ಮೀಟರ್ ಇಲ್ಲದಿದ್ದರೆ ವರ್ಷಗಟ್ಟಲೆ ಹಾಗೇ ಉರಿಯುತ್ತಿತ್ತು. ಅವತ್ತೇ ಅದಕ್ಕೆ ಟೈಮರ್ ಹಾಕಿಸಿದೆ. ಎರಡು ಗಂಟೆ ಆದ ಮೇಲೆ ಅದೇ ಆಫ್ ಆಗುತ್ತದೆ.

ವರ್ಷ ತುಂಬಿದ ಮೇಲೆ ಮೀಟರ್ ಪುಸ್ತಕವನ್ನು ನಿವಾಸಿಗಳ ಸಂಘಕ್ಕೆ ಕೊಟ್ಟೆ. ಕಟ್ಟಡ ನೋಡಿಕೊಳ್ಳುವವರ ಜೊತೆ ಒಂದು ಇಡೀ ದಿನ ಶಾಫ್ಟ್, ವಾಲ್ವ್, ಪ್ಯಾನಲ್ ಎಲ್ಲ ಸುತ್ತಿ ತೋರಿಸಿದೆ. ಈಗಲೂ 1ನೇ ತಾರೀಖಿಗೆ ಆ ಪುಟದ ಫೋಟೋ ನನ್ನ ಫೋನಿಗೆ ಬರುತ್ತದೆ. ಕಳೆದ ತಿಂಗಳು ಹೀಟ್ ಪಂಪಿನ ಸಾಲಿನಲ್ಲಿ ಅರವತ್ತು ಯೂನಿಟ್ ಜಾಸ್ತಿ ಕಂಡಿತು. ಏನಾಗಿರಬಹುದು ಎಂದು ಫೋನ್ ಮಾಡಿದೆ. "ನಾವೂ ನೋಡಿದ್ವಿ ಮೇಡಂ" ಎಂದರು ಸಂಘದ ಕಾರ್ಯದರ್ಶಿ. "ನಾಲ್ಕನೇ ಮಹಡೀಲಿ ಸೋರಿಕೆ ರಿಪೇರಿಗೆ ಹನ್ನೆರಡು ಮೀಟರ್ ಕವಚ ಬಿಚ್ಚಿದ್ರು, ವಾಪಸ್ ಹಾಕಿರಲಿಲ್ಲ. ನಿನ್ನೆ ಹಾಕಿಸಿದ್ವಿ."