ಆಪ್ ಹೇಳಿದ ಹೆಸರನ್ನು ನಂಬಿ ಡೇಟಾಬೇಸ್ ಬಾಗಿಲು ತೆಗೆಯಬೇಡಿ

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಅಕೌಂಟ್ಸ್‌ನವರೊಬ್ಬರು ಬಿಲ್ಲಿಂಗ್ ಆಪ್‌ನ ಪಾಸ್‌ವರ್ಡನ್ನೇ ಹಾಕಿ, ತಮ್ಮ ಲ್ಯಾಪ್‌ಟಾಪಿನಿಂದ ನೇರ ಡೇಟಾಬೇಸಿಗೆ ನುಗ್ಗಿ ಒಂದು ಅಪ್‌ಡೇಟ್ ಓಡಿಸಿದರು. ಯಾವ ಸಾಲುಗಳು ಬದಲಾಗಬೇಕು ಅಂತ ಹೇಳುವ ವೇರ್ ಹಾಕಲು ಮರೆತರು. ಎಲ್ಲ ಗ್ರಾಹಕರ ಬಾಕಿಯೂ ಒಂದೇ ಮೊತ್ತ! ಮರುದಿನವೇ ಆರ್ಡರ್ ಬಂತು: ನಮ್ಮ ಆಪ್ ಬಿಟ್ಟು ಬೇರೆ ಯಾವುದೂ ಒಳಗೆ ಬರಬಾರದು.

ಆಗ ಎಲ್ಲರಿಗೂ ಮೊದಲು ಹೊಳೆಯುವುದು ಪ್ರೋಗ್ರಾಂ ಹೆಸರು ನೋಡಿ ತಡೆಯುವುದು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನಲ್ಲಿ ಅದು ಅಪ್ಲಿಕೇಶನ್ ನೇಮ್, ಒರಾಕಲ್‌ನಲ್ಲಿ ಮಾಡ್ಯೂಲ್. ಆದರೆ ಆ ಹೆಸರು ಹೇಳುವುದು ಕ್ಲೈಂಟೇ, ಅಂದರೆ ಕನೆಕ್ಟ್ ಆಗುವ ಪ್ರೋಗ್ರಾಮೇ ಅಲ್ವಾ? ಇಲ್ಲಿನ ಸೊಸೈಟಿ ಗೇಟಿನ ರಿಜಿಸ್ಟರ್ ಹಾಗೆ, ಯಾವ ಹೆಸರು ಬರೆದರೂ ವಾಚ್‌ಮನ್ ಒಳಗೆ ಬಿಡುತ್ತಾನೆ. ಹೆಸರನ್ನು ಲಾಗ್‌ನಲ್ಲಿ ನೋಡಲು ಇಟ್ಟುಕೊಳ್ಳಿ, ಬೀಗ ಅಂತ ನಂಬಬೇಡಿ. ಲಾಗಿನ್ ಟ್ರಿಗರ್ (ಯಾರಾದರೂ ಲಾಗಿನ್ ಆದಾಗ ತಾನೇ ಓಡುವ ಕೋಡ್) ಬರೆದು ತಡೆಯೋಣ ಅನ್ನುವವರಿಗೆ ಇನ್ನೊಂದು ಮಾತು: ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನಲ್ಲಿ ಆ ಟ್ರಿಗರ್ ತಪ್ಪಿದರೆ ಅಡ್ಮಿನ್‌ಗಳೂ ಹೊರಗೇ ಉಳಿಯುತ್ತಾರೆ, ಆಮೇಲೆ ಅಡ್ಮಿನ್‌ಗೆಂದೇ ಇರುವ ಬೇರೆ ಕನೆಕ್ಷನ್ ಹಿಡಿದು ಒಳಗೆ ಹೋಗಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ನಾನು ಮಾಡುವುದು ಹೀಗೆ. ಒಂದೊಂದು ಆಪ್‌ಗೂ ಬೇರೆ ಲಾಗಿನ್. ಅದಕ್ಕೆ ಬೇಕಾದಷ್ಟೇ ಹಕ್ಕು, ಟೇಬಲ್‌ಗಳ ಮಾಲೀಕತ್ವ ಬೇಡ. ಪಬ್ಲಿಕ್‌ಗೆ, ಅಂದರೆ ಎಲ್ಲ ಲಾಗಿನ್‌ಗಳಿಗೂ, ಸುಮ್ನೆ ಸಿಕ್ಕಿರುವ ಕನೆಕ್ಟ್ ಹಕ್ಕನ್ನು ರಿವೋಕ್ ಮಾಡಿ (ವಾಪಸ್ ತೆಗೆದುಕೊಳ್ಳಿ).

ಆಮೇಲೆ ಯಾರು, ಎಲ್ಲಿಂದ, ಹೇಗೆ ಒಳಗೆ ಬರಬಹುದು ಅಂತ ಬರೆದಿಡುವ ಪಿಜಿ ಎಚ್‌ಬಿಎ ಫೈಲು. ಅಸಲಿ ಬಾಗಿಲು ಇದೇ. ಹೋಸ್ಟ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಟ್ ಆದ ಕನೆಕ್ಷನ್ ಮಾತ್ರ) ಅಂತ ಶುರು ಮಾಡಿ, ಡೇಟಾಬೇಸ್, ಆ ಒಂದು ಲಾಗಿನ್, ಆಪ್ ಸರ್ವರ್‌ನ ಐಪಿ ಆದ ಮೇಲೆ /32 (ಅದೊಂದೇ ವಿಳಾಸ ಅಂತ), ಕೊನೆಗೆ ಪಾಸ್‌ವರ್ಡ್ ಪರೀಕ್ಷಿಸುವ ವಿಧಾನ ಸ್ಕ್ರ್ಯಾಮ್-ಎಸ್‌ಎಚ್‌ಎ-256. ಅದೇ ಸಾಲಿನಲ್ಲಿ ಕ್ಲೈಂಟ್‌ಸರ್ಟ್=ವೆರಿಫೈ-ಫುಲ್ ಸೇರಿಸಿದರೆ ಪಾಸ್‌ವರ್ಡ್ ಜೊತೆ ಸರ್ಟಿಫಿಕೇಟೂ ಬೇಕು, ಅದರಲ್ಲಿರುವ ಹೆಸರು ಲಾಗಿನ್‌ಗೆ ಹೊಂದಲೂ ಬೇಕು. ಪಾಸ್‌ವರ್ಡ್ ವಾಟ್ಸಾಪ್‌ನಲ್ಲಿ ಹರಿದಾಡಿದರೂ ಸರ್ಟಿಫಿಕೇಟಿನ ಗುಟ್ಟಿನ ಕೀ ಫೈಲು ಆಪ್ ಸರ್ವರ್‌ನಲ್ಲೇ ಇರುತ್ತದೆ. ವಿಪಿಎನ್‌ನಿಂದ ಬರುವವರೆಲ್ಲ ಒಂದೇ ಐಪಿ ಹಿಂದೆ ಇದ್ದರೆ ಬರೀ ಐಪಿ ನೆಚ್ಚಿಕೊಂಡು ಲಾಭವಿಲ್ಲ, ಹಾಗಾಗಿ ಈ ಸರ್ಟಿಫಿಕೇಟ್ ತಲೆನೋವು ಪಡುವುದೇ ಮೇಲು.

ಈ ಫೈಲಿನಲ್ಲಿ ಮೇಲಿನಿಂದ ಮೊದಲು ಹೊಂದಿದ ಸಾಲೇ ಅಂತಿಮ. ಅಲ್ಲಿ ಸೋತರೆ ಮುಂದಿನ ಸಾಲು ನೋಡುವುದಿಲ್ಲ. ಆದರೆ ಹೊಸ ಸಾಲಿಗೆ ಹೊಂದದೆ ಬಂದವರು ಕೆಳಗೆ ಜಾರುತ್ತಾರೆ! ಯಾರೋ ಹಿಂದೆ ಬಿಟ್ಟುಹೋದ 0.0.0.0/0 (ಯಾವ ಐಪಿಯಾದರೂ ಸರಿ) ಸಾಲು ಅಲ್ಲೇ ಇದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ, ಮೊದಲು ಅದನ್ನು ಅಳಿಸಿ. ರೀಲೋಡ್ ಮಾಡಿ. ಹಳೆಯ ಕನೆಕ್ಷನ್‌ಗಳು ಅದರಿಂದ ಕಡಿಯುವುದಿಲ್ಲ, ನೀವೇ ಮುಗಿಸಬೇಕು.

ರಿಪೋರ್ಟ್ ಬೇಕು ಅನ್ನುವವರಿಗೆ ಓದಲು ಮಾತ್ರ ಬರುವ ಲಾಗಿನ್ ಕೊಡಿ, ಸಾಧ್ಯವಾದರೆ ರೆಪ್ಲಿಕಾ ಮೇಲೆ, ಅಂದರೆ ಡೇಟಾಬೇಸಿನ ನಕಲು ಪ್ರತಿಯ ಮೇಲೆ. ಕೊಡದಿದ್ದರೆ ಅವರು ಮತ್ತೆ ಆಪ್‌ನ ಪಾಸ್‌ವರ್ಡನ್ನೇ ಹುಡುಕುತ್ತಾರೆ, ಅದರಲ್ಲಿ ಅವರ ತಪ್ಪೂ ಜಾಸ್ತಿ ಇಲ್ಲ.

ಕೊನೆಗೆ ನಿಮ್ಮದೇ ಲ್ಯಾಪ್‌ಟಾಪಿನಿಂದ, ಆಪ್‌ನ ಸರಿಯಾದ ಪಾಸ್‌ವರ್ಡ್ ಹಾಕಿಯೇ ಒಳಗೆ ಹೋಗಲು ನೋಡಿ. ಈ ಐಪಿಗೆ ಎಚ್‌ಬಿಎ ಫೈಲಿನಲ್ಲಿ ಎಂಟ್ರಿಯೇ ಇಲ್ಲ ಅನ್ನುವ ಎರರ್ ಬಂದ ಮೇಲೆಯೇ ಚಹಾಕ್ಕೆ ಎದ್ದೇಳಿ.