ಬಿಸ್ಕತ್ತಿನ ಪೆಟ್ಟಿಗೆ ಹರಿಯದಂತೆ ಬಿಡಿಸುವುದು: ಫ್ರೀಜರ್ ಕೈ ಹಿಡಿಯಿತು

ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್‌ನ, ಚಿತ್ರವಿರುವ ಬಿಸ್ಕತ್ತಿನ ಪೆಟ್ಟಿಗೆಯನ್ನು ತೆರೆಯದೆ ಹಾಗೆಯೇ ಇಡಬೇಕು ಎನ್ನುವವರೇ ನಮ್ಮ ಸಂಗ್ರಾಹಕರಲ್ಲಿ ಹೆಚ್ಚು. ನಾನು ಒಪ್ಪುವುದಿಲ್ಲ. ಬೆಣ್ಣೆಯ ಜಿಡ್ಡು ಎರಡು ಮೂರು ವರ್ಷಗಳಲ್ಲಿ ಒಳಚೀಲದ ಹೊಲಿಗೆಯಿಂದ ಜಿನುಗಿ ರಟ್ಟಿಗೆ ಇಳಿಯುತ್ತದೆ. ಮಾಂಗಾ ಕಲಾವಿದ ತೆಜುಕಾ ಒಸಾಮು ಅವರ ರೋಬೋಟ್ ಹುಡುಗ ಆಟಮ್ ಇರುವ ಒಂದು ಪೆಟ್ಟಿಗೆಯಲ್ಲಿ ಆ ಹುಡುಗನ ಕೆನ್ನೆಯ ಮೇಲೆಯೇ ಕಂದು ಮಚ್ಚೆ ಮೂಡಿತ್ತು. ಅಂದಿನಿಂದ ನನ್ನ ಪದ್ಧತಿ ಒಂದೇ: ಬಿಸ್ಕತ್ತು ತಿನ್ನಬೇಕು, ಪೆಟ್ಟಿಗೆಯನ್ನು ಅಂಟಿನ ಜಾಗದಲ್ಲೇ ಬಿಡಿಸಿ ಹಾಳೆಯಂತೆ ಇಡಬೇಕು.

1963ರ ಜನವರಿ 1ರಂದು ಆಟಮ್ ಟಿ.ವಿ.ಗೆ ಬಂದಾಗ ಪ್ರಾಯೋಜಕರಾಗಿದ್ದ ಮೇಜಿ ಮಿಠಾಯಿ ಕಂಪನಿ ಮಾರ್ಬಲ್ ಚಾಕೊಲೇಟ್ ಜೊತೆಗೆ ಆಟಮ್‌ನ ಅಂಟಿಸುವ ಚಿತ್ರದ ಚೀಟಿಗಳನ್ನು ಕೊಟ್ಟಿತು. ಅದೇ ವರ್ಷ ಇನ್ನೊಂದು ಮಿಠಾಯಿ ಕಂಪನಿ ಗ್ಲಿಕೋ, ದೈತ್ಯ ರೋಬೋಟ್‌ನ ಕಾರ್ಟೂನ್ ಸರಣಿ ‘ತೆತ್ಸುಜಿನ್ 28’ರ ಬೆನ್ನಿಗೆ ಪ್ರಾಯೋಜಕನಾಗಿ ನಿಂತಿತು. ಮಕ್ಕಳು ಜೋಪಾನ ಮಾಡಿದ್ದು ಚೀಟಿಗಳನ್ನು. ಹೊದಿಕೆಗಳನ್ನು ಯಾರು ಎತ್ತಿಟ್ಟಾರು? ಈಗಿನ ಸೀಮಿತ ಆವೃತ್ತಿಯ ಪೆಟ್ಟಿಗೆಗಳಿಗೂ ಅದೇ ಗತಿ ಬರಬಾರದು ಎಂಬುದೇ ನನ್ನ ಹಟ.

ಮೊದಲು ಕೆಟಲ್‌ನ ಹಬೆ ಹಿಡಿದೆ. ರಟ್ಟು ಉಬ್ಬಿ ಸುರುಳಿಯಾಯಿತು. ಹೇರ್ ಡ್ರೈಯರ್‌ನಿಂದ ಅಂಟು ಕರಗಿತಾದರೂ ನೂಲಿನಂತೆ ಎಳೆಯೆಳೆಯಾಗಿ ಮುದ್ರಣದ ಮೇಲೆ ಹರಡಿತು, ವಾರ್ನಿಷ್ ಮಂಕಾಯಿತು. ತೆಳುವಾದ ಬ್ಲೇಡ್ ಅಂಟಿನ ಬದಲು ರಟ್ಟಿನ ಪದರವನ್ನೇ ಸೀಳಿತು. ಒಂದು ಪೆಟ್ಟಿಗೆಗೆ ಹೆಚ್ಚುಕಡಿಮೆ ಎಂಟುನೂರು ಯೆನ್; ಆ ಒಂದು ಚಳಿಗಾಲದಲ್ಲೇ ಹದಿನೈದು ಸಾವಿರ ಯೆನ್ ಮಣ್ಣುಪಾಲಾಗಿರಬೇಕು. ಅಂಚು ಹರಿದದ್ದಕ್ಕೆ ಒಸಾಕಾದ ನಿಪ್ಪೊನ್‌ಬಾಶಿ ಬಡಾವಣೆಯ ಅಂಗಡಿಗಳಲ್ಲಿ ಅರ್ಧ ಬೆಲೆಯೂ ಹುಟ್ಟುವುದಿಲ್ಲ.

ಕಾಯಿಸಿದ್ದು ಸಾಕು, ತಣ್ಣಗೆ ಮಾಡಿ ನೋಡೋಣ ಎಂದುಕೊಂಡೆ. ಮುಚ್ಚಳಕ್ಕೆ ಹಾಕುವ ಹಾಟ್‌ಮೆಲ್ಟ್ ಅಂಟು (ಕಾಯಿಸಿ ಕರಗಿಸಿ ಹಚ್ಚುವಂಥದ್ದು) ಚಳಿಗೆ ಗಾಜಿನಂತೆ ಪೆಡಸಾಗುತ್ತದೆ. ರಟ್ಟು ನೆನೆದು ಮೆತ್ತಗಾಗುತ್ತದೆ ಎಂದು ಗೆಳೆಯರೆಲ್ಲ ಬೇಡವೆಂದರು. ಪೆಟ್ಟಿಗೆಯನ್ನು ತೇವ ಹೀರುವ ಸಿಲಿಕಾ ಜೆಲ್ ಸಮೇತ ಜಿಪ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟೆ. ಹೊರತೆಗೆದ ಕೂಡಲೇ, ಮಂಜು ಹನಿಯುವ ಮೊದಲೇ, ಬಿದಿರಿನ ಚಪ್ಪಟೆ ಕಡ್ಡಿಯನ್ನು ಅಂಟಿನ ಬೊಟ್ಟಿಗೆ ಒತ್ತಿ ಸ್ವಲ್ಪ ತಿರುಚಿದೆ. ಚಟ್ಟೆಂದು ಸದ್ದು. ಮುಚ್ಚಳ ಬಿಟ್ಟಿತು, ಒಂದು ನಾರೂ ಎದ್ದಿರಲಿಲ್ಲ. ಈಗ ಹತ್ತರಲ್ಲಿ ಒಂಬತ್ತು ಹೀಗೇ ಬಿಡುತ್ತವೆ. ಬೇಡವೆಂದವರೇ ಇಂದು ತಮ್ಮ ಪೆಟ್ಟಿಗೆಗಳನ್ನು ನನ್ನ ಕೈಗೆ ಕೊಡುತ್ತಾರೆ. ಒಸಾಕಾದಲ್ಲಿ ಜನವರಿಯ ಒಣ ಹವೆ ಇದಕ್ಕೆ ಹೇಳಿಮಾಡಿಸಿದ್ದು. ಜೂನ್‌ನ ಮಳೆಯಲ್ಲಿ ಎ.ಸಿ.ಯನ್ನು ತೇವ ತೆಗೆಯುವ ಕ್ರಮದಲ್ಲಿಟ್ಟು ಕೋಣೆ ಒಣಗಿಸಿಕೊಳ್ಳದೆ ಕೈ ಹಾಕಬೇಡಿ. ಕಡ್ಡಿ ತಿರುಚುವ ಓರೆ ಎಷ್ಟಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ದುಡ್ಡು ಕಳೆದು ಕಲಿತದ್ದು.

ನಡುವೆ ಬಣ್ಣದ ಪರೀಕ್ಷೆಯನ್ನೂ ಮಾಡಿದೆ. ತೆಜುಕಾ ಅವರದೇ ಇನ್ನೊಂದು ಪಾತ್ರ, ವೈದ್ಯ ಬ್ಲ್ಯಾಕ್ ಜ್ಯಾಕ್ ಇರುವ ಹಾಳೆಯ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ದಕ್ಷಿಣದ ಕಿಟಕಿಗೆ ಒರಗಿಸಿದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ತೆರೆದ ಭಾಗದ ಕೆಂಪು, ಹಳದಿ ಸೋತು, ಕಪ್ಪು ನೀಲಿಗಳಷ್ಟೇ ಉಳಿದವು. ಆದ್ದರಿಂದ ಗೋಡೆಗೆ ತೂಗುಹಾಕುವ ಆಸೆ ಬಿಡಿ. ಪಿ.ವಿ.ಸಿ. ಹೊದಿಕೆ ಬೇಡವೇ ಬೇಡ, ಕಾಲಕ್ರಮದಲ್ಲಿ ಶಾಯಿಗೆ ಅಂಟಿಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ಸಾಕು. ಹಸಿ ಜಿಡ್ಡಿಗೆ ಜೋಳದ ಪಿಷ್ಟ ಉದುರಿಸಿ ಮೇಲೆ ಭಾರ ಹೇರಿದೆ, ಸ್ವಲ್ಪ ಹೀರಿತು. ಹಳೆಯ ಮಚ್ಚೆಗೆ ಅದು ನಾಟಲಿಲ್ಲ.

ಉಳಿದದ್ದು ಪಕ್ಕದ ಉದ್ದನೆಯ ಜೋಡಣೆ. ಅಲ್ಲಿರುವುದು ಬಿಳಿ ಅಂಟು, ಫ್ರೀಜರಿಗೆ ಜಗ್ಗುವುದಿಲ್ಲ. ಸದ್ಯ ಆ ಜೋಡಣೆಯನ್ನು ಮುಟ್ಟದೆ, ಮಡಿಕೆಯ ಗೆರೆಗಳಲ್ಲೇ ಒತ್ತಿ ಎರಡು ಪದರವಾಗಿ ಇಡುತ್ತಿದ್ದೇನೆ. ಅದಕ್ಕೂ ಒಂದು ಉಪಾಯ ಕೈಗೆ ಹತ್ತುತ್ತಿದೆ. ಚಿತ್ರವಿಲ್ಲದ ಅಗ್ಗದ ಪೆಟ್ಟಿಗೆಗಳ ಮೇಲೆ ಇನ್ನೊಂದು ಮಳೆಗಾಲ ಪರೀಕ್ಷಿಸಿದ ಮೇಲೆ ಆಟಮ್‌ಗೆ ಕೈ ಹಾಕುತ್ತೇನೆ.