ಚಾಣದ ಗೂಡು ನೋಡಬೇಕೇ? ಮೊದಲು ದೂರ ಹೋಗಿ

ಮೊದಲ ಕೆಲಸ ಬಂಡೆ ಹುಡುಕುವುದು. ಪೆರಿಗ್ರಿನ್ ಚಾಣ ಎಂಬ ಈ ಬೇಟೆ ಹಕ್ಕಿ ಕಡ್ಡಿ ಜೋಡಿಸಿ ಗೂಡು ಕಟ್ಟುವುದಿಲ್ಲ. ಕಡಿದಾದ ಬಂಡೆಯ ಚಾಚಿನಲ್ಲಿ ಮಣ್ಣು ಕೆದರಿ, ಆ ತಗ್ಗಿನಲ್ಲೇ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. ಹಾಗಾಗಿ ಹಿಕ್ಕೆಯ ಬಿಳಿ ಗೀರುಗಳನ್ನು ಹುಡುಕಿ.

ಆಮೇಲೆ ಕೂರುವ ಜಾಗ. ಬಹಳಷ್ಟು ಜನ ಕೆಡಿಸುವುದು ಇಲ್ಲೇ. ಗೂಡು ಸಿಕ್ಕ ಖುಷಿಗೆ ಬಂಡೆ ಹತ್ತಿ ಮೇಲಿನಿಂದ ಬಗ್ಗಿ ನೋಡುತ್ತಾರೆ. ಚಾಣಕ್ಕೆ ಅತಿ ಹೆಚ್ಚು ಭಯ ಮೇಲಿನಿಂದ ಬಂದವರದ್ದು. ನೀವು ಕೆಳಗೇ ಇರಿ. ನನ್ನ ಲೆಕ್ಕದಲ್ಲಿ 300 ಮೀಟರ್‌ಗಿಂತ ಹತ್ತಿರ ಬೇಡ. ಮರವೋ ಪೊದೆಯೋ ಬೆನ್ನಿಗಿರಲಿ. ಹತ್ತು ನಿಮಿಷ ಸುಮ್ನೆ ಕೂತು ಹಕ್ಕಿಯನ್ನು ಗಮನಿಸಿ. ಗರಿ ತೀಡುತ್ತಿದೆಯೇ, ತೂಕಡಿಸುತ್ತಿದೆಯೇ? ಸರಿ, ಅಲ್ಲೇ ಇರಿ. ಕತ್ತು ಚಾಚಿ ನಿಮ್ಮನ್ನೇ ದಿಟ್ಟಿಸುತ್ತಿದೆಯೇ? ಹಿಂದೆ ಸರಿಯಿರಿ. 'ಕ್ಯಾಕ್ ಕ್ಯಾಕ್ ಕ್ಯಾಕ್' ಎಂದು ಬಿಡದೆ ಕೂಗುತ್ತಾ ಸುತ್ತು ಹೊಡೆದರೆ ಜಾಗ ಖಾಲಿ ಮಾಡಿ. 'ಸ್ವಲ್ಪ ಹೊತ್ತಿಗೆ ಒಗ್ಗಿಕೊಳ್ಳುತ್ತೆ ಬಿಡಿ' ಅನ್ನುವವರ ಮಾತು ಕೇಳಬೇಡಿ. ಕಾವು ಕೂತ ಹಕ್ಕಿ ಎದ್ದು ಹೋದರೆ ಚಳಿಗೆ ಮೊಟ್ಟೆ ತಣ್ಣಗಾಗುತ್ತದೆ, ಬಿಸಿಲಿದ್ದರೆ ಬೇಯುತ್ತದೆ. ಐದು ವಾರ ದಾಟಿದ ಮರಿಗಳಂತೂ ಗಾಬರಿಬಿದ್ದು, ರೆಕ್ಕೆ ಬಲಿಯುವ ಮೊದಲೇ ಧುಮುಕಿಬಿಡಬಹುದು. ಡ್ರೋನ್ ಹಾರಿಸುವುದು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು ಎರಡೂ ಬೇಡವೇ ಬೇಡ.

ಹುಡುಕಲು 8 ಪಟ್ಟಿನ ಬೈನಾಕ್ಯುಲರ್, ಗೂಡು ನೋಡಲು ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡಿನ ಮೇಲಿಡುವ ಚಿಕ್ಕ ದೂರದರ್ಶಕ) ಸಾಕು. '100 ಪಟ್ಟು ಜೂಮ್' ಎಂದು ಮಾರುವ ಅಗ್ಗದ ಬೈನಾಕ್ಯುಲರ್‌ಗಿಂತ ಬರಿಗಣ್ಣೇ ವಾಸಿ. ಕತ್ತಲೆ, ಅಲುಗಾಟ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಿಕ್ಕ ದುಡ್ಡನ್ನು ಗಟ್ಟಿ ಟ್ರೈಪಾಡಿಗೆ ಹಾಕಿ. ಸ್ಕೋಪನ್ನೂ 30 ಪಟ್ಟಿಗಿಂತ ಜಾಸ್ತಿ ಎಳೆಯಬೇಡಿ, ಬಿಸಿಲೇರಿದ ಮೇಲೆ ಬಂಡೆಯೇ ಕುಣಿದಂತೆ ಕಾಣುತ್ತದೆ.

ಬೆಳಗ್ಗೆ ಬೇಗ ಹೋಗಿ. ಕಾವು ಕೂರುವ ಸುಮಾರು ಒಂದು ತಿಂಗಳು ಹೆಚ್ಚಿನ ಹೊತ್ತು ಏನೂ ನಡೆಯುವುದಿಲ್ಲ. ಬೇಸರಪಟ್ಟು ಎದ್ದು ಬರಬೇಡಿ. ಗಂಡು ಬೇಟೆ ಹಿಡಿದು ಕೂಗುತ್ತಾ ಬಂದಾಗ ಹೆಣ್ಣು ಹಾರಿ ಹೋಗಿ, ಗಾಳಿಯಲ್ಲೇ ಅದನ್ನು ಕಾಲಿನಿಂದ ಕಸಿದುಕೊಳ್ಳುತ್ತದೆ. ಎರಡು ಮೂರು ಸೆಕೆಂಡಿನ ಆಟ. ಇದು ಇಡಿಯಾಗಿ ಕಾಣುವುದು ದೂರ ಕೂತವರಿಗೇ. ಅಂದಹಾಗೆ, ಆ ಚಿಕ್ಕ ಹಕ್ಕಿ ಮರಿಯಲ್ಲ, ಅದೇ ಗಂಡು. ಹೆಣ್ಣಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸಣ್ಣದು.

ಫೋಟೊ ಹಂಚುವ ಮೊದಲು ಅದರಲ್ಲಿ ಸೇರಿರುವ ಲೊಕೇಶನ್ ಅಳಿಸಿ. ಮೊಟ್ಟೆ, ಮರಿ ಕದಿಯುವವರೂ ಫೋಟೊ ನೋಡುತ್ತಾರೆ. ಬಂಡೆಯ ಗುರುತು ಸಿಗುವಂತಿದ್ದರೆ ಅಷ್ಟು ಭಾಗ ಕತ್ತರಿಸಿ, ಅಥವಾ ಮರಿಗಳು ಹಾರಿದ ಮೇಲೆ ಹಾಕಿ.